ಬಿಡುವುದೆಂದರೆ ಕೈಬಿಡುವುದಲ್ಲ

ಮನೆಯ ಯಜಮಾನರು ಹಾಸಿಗೆ ಹಿಡಿದು ತಿಂಗಳುಗಳಾಗಿವೆ. ವೈದ್ಯರು ಮಗನನ್ನು ಹೊರಗೆ ಕರೆದು, ಇದು ಇನ್ನು ವಾಸಿಯಾಗುವ ರೋಗವಲ್ಲ, ನೋವಾಗದಂತೆ ನೋಡಿಕೊಳ್ಳೋಣ ಎಂದಿದ್ದಾರೆ. ಆ ಮಾತನ್ನು ಆತ ತಾಯಿಗೂ ಹೇಳಲಾರ, ತಂಗಿಗೂ ಹೇಳಲಾರ. ಮರುದಿನವೇ ಮತ್ತೊಂದು ಊರಿನ ದೊಡ್ಡ ಆಸ್ಪತ್ರೆಗೆ ವಾಹನ ಹೊರಡುತ್ತದೆ. ಮಠಕ್ಕೆ ನಡೆದುಕೊಳ್ಳುವ ಭಕ್ತರ ಮನೆಗಳಲ್ಲಿ ಇಂಥದ್ದನ್ನು ನಾವು ಮೇಲಿಂದ ಮೇಲೆ ಕಾಣುತ್ತಿದ್ದೇವೆ. ಹೊಲ ಅಡವಿಗೆ ಬೀಳುತ್ತದೆ. ಹಿರಿಯ ಜೀವವು ತನ್ನವರ ಮುಖ ಕಾಣದೆ, ಯಂತ್ರಗಳ ನಡುವೆ ಕೊನೆಯುಸಿರೆಳೆಯುತ್ತದೆ. ಮಗನನ್ನು ಕೇಳಿದರೆ ಅವನದು ಒಂದೇ ಉತ್ತರ: ‘ಕೈಚೆಲ್ಲಿ ಕುಳಿತ ಎಂದು ನಾಳೆ ಜನ ಆಡಿಕೊಳ್ಳಬಾರದಲ್ಲ.’

ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನಮಗೆ ಭಗವಾನ್ ಬುದ್ಧರ ಕೊನೆಯ ದಿನಗಳು ನೆನಪಾಗುತ್ತವೆ. ಹುಟ್ಟಿದ್ದೆಲ್ಲ ಅನಿತ್ಯವೆಂದು ಅವರು ನಾಲ್ಕು ದಶಕಗಳಿಗೂ ಮಿಕ್ಕಿ ಬೋಧಿಸಿದರು. ಆ ಬೋಧೆ ಒಬ್ಬ ರೋಗಿಯ ದೇಹದಲ್ಲಿ ಹೇಗೆ ನಡೆದುಬಂತು ಎಂಬುದನ್ನು ಪಾಲಿ ಭಾಷೆಯ ಮಹಾಪರಿನಿಬ್ಬಾನ ಸುತ್ತವು ಒಂದನ್ನೂ ಮರೆಮಾಚದೆ ಹೇಳುತ್ತದೆ.

ಆಗ ಅವರಿಗೆ ಎಂಬತ್ತು ವರ್ಷ. ವೈಶಾಲಿಯ ಬಳಿಯ ಬೇಲುವ ಗ್ರಾಮದಲ್ಲಿ ಮಳೆಗಾಲವನ್ನು ಕಳೆಯುತ್ತಿದ್ದಾಗ ಪ್ರಾಣಾಂತಿಕವಾದ ಕಾಯಿಲೆ ಬಂತು. ಶಿಷ್ಯರಿಗೆ ತಿಳಿಸದೆ ಹೊರಟುಬಿಡುವುದು ಸಲ್ಲದೆಂದು ಬಗೆದು, ಅವರು ಮನೋಬಲದಿಂದ ಆ ಬೇನೆಯನ್ನು ಹತ್ತಿಕ್ಕಿ ಎದ್ದು ಕುಳಿತರು. ಬಳಿಕ ತಮ್ಮ ಶರೀರವನ್ನು ಪಟ್ಟಿ ಕಟ್ಟಿ ನಡೆಸುವ ಹಳೆಯ ಬಂಡಿಗೆ ಹೋಲಿಸಿದರು. ಕೆಲವು ತಿಂಗಳ ತರುವಾಯ, ಪಾವಾ ಊರಿನಲ್ಲಿ ಕಮ್ಮಾರ ಚುಂದನ ಮನೆಯ ಊಟದ ನಂತರ ರಕ್ತಭೇದಿ ಕಾಣಿಸಿಕೊಂಡಿತು. ಈ ಸಲ ಅವರು ತಡೆಯಲಿಲ್ಲ. ನಡುದಾರಿಯಲ್ಲಿ ಕುಳಿತು ನೀರು ಕೇಳಿದರು, ಹಾಗೆಯೇ ಕುಶಿನಗರದವರೆಗೆ ನಡೆದು, ಎರಡು ಸಾಲವೃಕ್ಷಗಳ ನಡುವೆ ಮಲಗಿದರು.

ಬೇಲುವದಲ್ಲಿ ಹಿಡಿದರು, ಕುಶಿನಗರದಲ್ಲಿ ಬಿಟ್ಟರು. ಈ ಎರಡನ್ನೂ ಒಟ್ಟಿಗೆ ಓದಿಕೊಳ್ಳಬೇಕು. ವಾಸಿಯಾಗುವ ರೋಗವಿದ್ದಾಗ ‘ಎಲ್ಲವೂ ಅನಿತ್ಯ’ ಎಂದು ಔಷಧ ತಪ್ಪಿಸುವವರೂ ನಮ್ಮಲ್ಲಿದ್ದಾರೆ. ಅದು ವೈರಾಗ್ಯವಲ್ಲ, ಸೋಮಾರಿತನ. ಹಿಡಿಯುವ ಹೊತ್ತು ಯಾವುದು, ಬಿಡುವ ಹೊತ್ತು ಯಾವುದು ಎಂಬ ಅರಿವು ಬೇಕು. ಆ ಅರಿವಿಗೆ ವೈದ್ಯರನ್ನು ನೇರವಾಗಿ ಕೇಳುವುದೇ ದಾರಿ: ಈ ಚಿಕಿತ್ಸೆಯಿಂದ ರೋಗ ಹೋಗುತ್ತದೆಯೇ, ಇಲ್ಲವೇ ನರಳಾಟ ಮಾತ್ರ ಉದ್ದವಾಗುತ್ತದೆಯೇ? ಸಾಧ್ಯವಿದ್ದರೆ ರೋಗಿಯ ಎದುರಿನಲ್ಲಿಯೇ ಕೇಳಿರಿ. ಅವರ ದೇಹದ ಸುದ್ದಿಯನ್ನು ಅವರಿಂದಲೇ ಬಚ್ಚಿಡುವುದು ಪ್ರೀತಿಯೆಂದು ನಮಗೆ ತೋರುವುದಿಲ್ಲ.

ಬಿಟ್ಟ ಮೇಲೆ ಮಾಡುವುದಕ್ಕೇನೂ ಉಳಿಯುವುದಿಲ್ಲ ಎಂದುಕೊಳ್ಳುವವರಿಗೆ ಉಪಶಮನ ಆರೈಕೆಯ ಪರಿಚಯವಿಲ್ಲ. ಕ್ಯಾನ್ಸರ್‌ನಂಥ ರೋಗದ ತೀವ್ರ ನೋವಿಗೆ ವೈದ್ಯರು ಮಾರ್ಫಿನ್ ಕೊಡುತ್ತಾರೆ. ಅದು ದೊರೆಯುವುದು ಸುಲಭವಾಗಲೆಂದೇ 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿಯಾಯಿತು. ಮನೆಯಲ್ಲಿ ಮಾಡುವ ಸೇವೆಯೂ ಸಣ್ಣದಲ್ಲ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ಹಾಸಿಗೆ ಹುಣ್ಣು ದೂರವಿರುತ್ತದೆ. ಒಣಗಿದ ತುಟಿಗೆ ಒದ್ದೆ ಹತ್ತಿ, ಬಾಯಿ ಶುಚಿ, ತಲೆಯ ಬಳಿ ಒಬ್ಬರ ಕೈ. ಕೊನೆಯ ದಿನಗಳಲ್ಲಿ ಹಸಿವು ತಾನಾಗಿಯೇ ಅಡಗುತ್ತದೆ. ಉಣ್ಣದೆ ಸೊರಗುತ್ತಾರೆಂದು ನುಂಗಲಾರದ ಬಾಯಿಗೆ ಅನ್ನ ತುರುಕಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಅವರೇ ಕೇಳಿದರೆ, ನುಂಗುವ ಶಕ್ತಿಯಿದ್ದರೆ, ತಲೆಯನ್ನು ಎತ್ತರಿಸಿ ಕೂರಿಸಿ ಸ್ವಲ್ಪ ಸ್ವಲ್ಪವಾಗಿ ಕೊಡಬಹುದು.

ಕಾನೂನೂ ಈಗ ಇದಕ್ಕೆ ಅನುವಾಗಿದೆ. ಗುಣವಾಗದ ಸ್ಥಿತಿಯಲ್ಲಿ ತನಗೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿದೆ. ಆಸ್ತಿಯ ಮೃತ್ಯುಪತ್ರ ಬರೆಸಲು ಹತ್ತು ಸಲ ವಕೀಲರ ಬಳಿ ಹೋಗುವ ನಾವು ಇದನ್ನೇಕೆ ಒಮ್ಮೆಯೂ ಯೋಚಿಸುವುದಿಲ್ಲವೋ!

ಬಹುಶಃ ಭಯವಿರುವುದು ಸಾವಿಗಲ್ಲ, ಆಮೇಲೆ ಉಳಿಯುವ ಅಳುಕಿಗೆ. ಕುಶಿನಗರದಲ್ಲಿ ಆನಂದನು ಬಾಗಿಲ ಚೌಕಟ್ಟಿಗೆ ಒರಗಿ ಅಳುತ್ತಿದ್ದನು. ವರ್ಷಗಟ್ಟಲೆ ನೆರಳಿನಂತೆ ಸೇವೆ ಮಾಡಿದವನು. ಬುದ್ಧರು ಅವನನ್ನು ಕರೆಸಿದರು. ಪ್ರಿಯವಾದುದರಿಂದ ಅಗಲುವುದು ಅನಿವಾರ್ಯವೆಂದು ನೆನಪಿಸಿದ್ದಷ್ಟೇ ಅಲ್ಲ, ಅವನು ಕಾಯಾ ವಾಚಾ ಮನಸಾ ಮಾಡಿದ ಸೇವೆಯನ್ನು ಎಲ್ಲರೆದುರು ಕೊಂಡಾಡಿದರು. ಅದಕ್ಕೂ ಮೊದಲು ಅವರ ಚಿಂತೆ ಚುಂದನ ಕುರಿತಾಗಿತ್ತು. ನಿನ್ನ ಊಟದಿಂದಲೇ ಹೀಗಾಯಿತು ಎಂದು ಯಾರಾದರೂ ಅವನ ಮನಸ್ಸು ನೋಯಿಸಬಹುದು. ಆದ್ದರಿಂದ, ತಮಗೆ ಜ್ಞಾನೋದಯವಾಗುವ ಮುನ್ನ ದೊರೆತ ಊಟಕ್ಕೂ ಈ ಊಟಕ್ಕೂ ಸಮಾನ ಪುಣ್ಯವೆಂದು ಅವನಿಗೆ ತಿಳಿಸಬೇಕೆಂದು ಆನಂದನಿಗೆ ಹೇಳಿಟ್ಟರು. ಸಾಯುವ ಮುನ್ನ ಉಳಿಯುವವರ ಹೊರೆಯನ್ನು ಇಳಿಸಿದ ಈ ಕರುಣೆಯನ್ನು ನಾವು ಎಷ್ಟು ಸಲ ನೆನೆದರೂ ತೃಪ್ತಿಯಾಗದು.

ಕಳೆದ ಶ್ರಾವಣದಲ್ಲಿ ಸೊಸೆಯೊಬ್ಬರು ಮಠಕ್ಕೆ ಬಂದಿದ್ದರು. ಲಿಂಗೈಕ್ಯರಾದ ಮಾವನವರನ್ನು ಎಂಟು ತಿಂಗಳು ನೋಡಿಕೊಂಡವರು. ಕೊನೆಯ ದಿನ ಅವರು ಕೇಳಿದರೆಂದು ಈ ತಾಯಿ ಶಾವಿಗೆ ಪಾಯಸ ಮಾಡಿ ಕುಡಿಸಿದ್ದರು. ಆ ರಾತ್ರಿಯೇ ಜೀವ ಹೋಯಿತು. ಪಾಯಸದಿಂದಲೇ ಹೀಗಾಯಿತೆಂದು ಬಂಧುಗಳೊಬ್ಬರು ಆಡಿದ ಮಾತು ಅವರ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಅಂದಿನಿಂದ ನಿದ್ರೆಯಿಲ್ಲ ಎಂದರು. ನಾವು ಚುಂದನ ಕಥೆಯನ್ನು ಹೇಳಿದೆವು. ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ‘ಬುದ್ಧಿ, ಮಾವನವರು ಇನ್ನೊಂದು ಚಮಚ ಕೇಳಿದ್ದರು’ ಎಂದರು.