ಚಾಲಕನಿಲ್ಲದೆ ಇಳಿದ ವಿಮಾನ

ವಿಮಾನವಾಹಕ ನೌಕೆಯು ಬಂದರಿನಲ್ಲಿ ನಿಂತಾಗ ನೋಡುವವರಿಗೆ ತೇಲುವ ಊರಿನಂತೆ ಕಂಡೀತು. ಆಕಾಶದಿಂದ ಅದರ ಮೇಲಿಳಿಯಬೇಕಾದವನಿಗೋ ಅದು ಮಗುವಿನ ಸ್ಲೇಟಿನಷ್ಟೇ. ಆ ಸ್ಲೇಟಾದರೂ ಒಂದೆಡೆ ನಿಲ್ಲುವುದೇ? ಮುಂದಕ್ಕೆ ಸಾಗುತ್ತಿರುತ್ತದೆ, ಅಲೆಗಳೊಡನೆ ಏಳುತ್ತದೆ, ಬೀಳುತ್ತದೆ, ಪಕ್ಕಕ್ಕೆ ಓಲುತ್ತದೆ. ವಿಮಾನದ ಬಾಲದಡಿಯ ಕೊಕ್ಕೆಯು ಅಲ್ಲಿ ಅಡ್ಡಲಾಗಿ ಬಿಗಿದ ಉಕ್ಕಿನ ಹಗ್ಗಗಳಲ್ಲೊಂದನ್ನು ಹಿಡಿಯಬೇಕು. ತಪ್ಪಿದರೆ ಒಡನೆಯೇ ಮತ್ತೆ ಮೇಲೇರಬೇಕು. ಆದುದರಿಂದಲೇ ಚಕ್ರಗಳು ನೌಕೆಯನ್ನು ಮುಟ್ಟಿದ ಕ್ಷಣದಲ್ಲಿ ಚಾಲಕನು ಎಂಜಿನ್ನನ್ನು ತಗ್ಗಿಸುವ ಬದಲು ಅದರ ಪೂರ್ಣಶಕ್ತಿಯನ್ನು ಬಿಡುತ್ತಾನೆ! ಕತ್ತಲೆಯ ರಾತ್ರಿಯಲ್ಲಿ ಈ ಕೆಲಸವು ಎಂಥ ಧೈರ್ಯಶಾಲಿಯ ಎದೆಯನ್ನೂ ನಡುಗಿಸತಕ್ಕದ್ದು.

ಈ ವಿದ್ಯೆಯ ಆದಿಪುರುಷ ಯೂಜೀನ್ ಈಲಿ. 1911ರ ಜನವರಿ 18ರಂದು ಆತನು ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಲಂಗರು ಹಾಕಿದ್ದ 'ಪೆನ್ಸಿಲ್ವೇನಿಯ' ನೌಕೆಯ ಮೇಲೆ ಕಟ್ಟಿದ ಮರದ ಅಟ್ಟಣೆಗೆ ಇಳಿದನು. ವಿಮಾನವನ್ನು ತಡೆದುದು ಇಕ್ಕೆಲಗಳಲ್ಲೂ ಮರಳಿನ ಚೀಲ ಕಟ್ಟಿದ ಹಗ್ಗಗಳು. ಅದೇ ವರ್ಷದ ಅಕ್ಟೋಬರಿನಲ್ಲಿ ಜಾರ್ಜಿಯದ ಒಂದು ಹಾರಾಟ ಪ್ರದರ್ಶನದಲ್ಲಿ ಆತನು ಮಡಿದನು.

ಮನುಷ್ಯನ ಕೈಯನ್ನು ಯಂತ್ರವು ಹಗುರಗೊಳಿಸಬಾರದೇಕೆ ಎಂಬ ಯೋಚನೆ ಹೊಸದಲ್ಲ. 1957ರಲ್ಲಿಯೇ ಅಮೆರಿಕದ 'ಆಂಟೀಟಮ್' ನೌಕೆಯ ಮೇಲೆ ವಿಮಾನವೊಂದು ಸ್ವಯಂಚಾಲಿತ ವ್ಯವಸ್ಥೆಯಿಂದ ಇಳಿದಿತ್ತು. ಆದರೆ ಚಾಲಕನು ಒಳಗೆ ಕುಳಿತೇ ಇದ್ದನು. ಆ ಪೀಠ ಬರಿದಾಗಲು ಇನ್ನೂ 56 ವರ್ಷಗಳು ಹಿಡಿದುವು.

ನಾರ್ಥ್ರಪ್ ಗ್ರಮ್ಮನ್ ಸಂಸ್ಥೆ ನಿರ್ಮಿಸಿದ 'ಎಕ್ಸ್-47ಬಿ' ಎಂಬ ವಿಮಾನಕ್ಕೆ ಬಾಲವೂ ಇಲ್ಲ, ಚಾಲಕನಿಗೆ ಪೀಠವೂ ಇಲ್ಲ. ದೂರದಲ್ಲಿ ಕುಳಿತು ಕೋಲು ತಿರುಗಿಸಿ ಹಾರಿಸುವ ಸಾಮಾನ್ಯ ಡ್ರೋನಿನಂತೆಯೂ ಇದಲ್ಲ. ಮೇಲ್ವಿಚಾರಕನು ಎಲ್ಲಿಗೆ ಹೋಗಬೇಕೆಂದು ಆಜ್ಞೆ ಕೊಡುತ್ತಾನೆ. ಹೇಗೆ ಹೋಗಬೇಕೆಂಬುದು ವಿಮಾನದೊಳಗಿನ ಗಣಕಯಂತ್ರಕ್ಕೆ ಬಿಟ್ಟದ್ದು. ಉಪಗ್ರಹಗಳ ನೆರವಿನಿಂದ ತನ್ನ ನೆಲೆಯನ್ನೂ ನೌಕೆಯ ನೆಲೆಯನ್ನೂ ಅದು ಕ್ಷಣಕ್ಷಣಕ್ಕೂ ತಾಳೆನೋಡುತ್ತದೆ. 2013ರ ಜುಲೈ 10ರಂದು, ವರ್ಜೀನಿಯದ ಕಡಲತೀರದಾಚೆ 'ಜಾರ್ಜ್ ಎಚ್. ಡಬ್ಲ್ಯು. ಬುಷ್' ನೌಕೆಯ ಮೇಲೆ ಅದು ಇಳಿಯಿತು. ಕೊಕ್ಕೆ ಸಿಕ್ಕಿದ ಮೇಲೆ 350 ಅಡಿಗಳೊಳಗೆ ನಿಂತಿತು. ಮತ್ತೆ ಹಾರಿ, ಎರಡನೆಯ ಬಾರಿಯೂ ಇಳಿಯಿತು.

ಮೂರನೆಯ ಬಾರಿ ನಡೆದುದೇ ಹೆಚ್ಚು ಸ್ವಾರಸ್ಯವಾದುದು. ನೌಕೆಯತ್ತ ಬರುತ್ತಿದ್ದ ವಿಮಾನವು, ದಾರಿ ಗುರುತಿಸುವ ತನ್ನ ಅಂಗಗಳಲ್ಲೊಂದು ಸರಿಯಿಲ್ಲವೆಂಬುದನ್ನು ತಾನೇ ಕಂಡುಕೊಂಡಿತು. ನೌಕೆಯನ್ನು ಬಿಟ್ಟು ದಡದ ವಾಲಪ್ಸ್ ದ್ವೀಪದ ನಿಲ್ದಾಣಕ್ಕೆ ಹೋಗಿ ಸುಕ್ಷೇಮವಾಗಿ ಇಳಿಯಿತು. ತನಗೆ ಮೈ ಸರಿಯಿಲ್ಲವೆಂದು ಒಪ್ಪಿಕೊಳ್ಳುವ ಈ ಬುದ್ಧಿ ಮನುಷ್ಯರಲ್ಲಿಯೇ ಎಷ್ಟು ಮಂದಿಗುಂಟು?

ಇಳಿಯುವ ನಿರ್ಧಾರವನ್ನು ಯಂತ್ರಕ್ಕೆ ಒಪ್ಪಿಸಿದುದಾಯಿತು; ಕೊಲ್ಲುವ ನಿರ್ಧಾರವನ್ನು? 'ಎಕ್ಸ್-47ಬಿ'ಯ ಒಡಲಲ್ಲಿ ಬಾಂಬುಗಳಿಗೆ ಸ್ಥಳವಿದ್ದರೂ ಪರೀಕ್ಷೆಗಳಲ್ಲಿ ಅದು ಆಯುಧವನ್ನು ಪ್ರಯೋಗಿಸಲಿಲ್ಲ. ಬಲಪ್ರಯೋಗದಲ್ಲಿ 'ತಕ್ಕಷ್ಟು' ಮಾನವ ವಿವೇಚನೆ ಇರತಕ್ಕದ್ದೆಂದು ಅಮೆರಿಕದ ರಕ್ಷಣಾ ಇಲಾಖೆಯು 2012ರಲ್ಲಿ ಆದೇಶ ಹೊರಡಿಸಿತ್ತು. 2023ರಲ್ಲಿ ಅದನ್ನು ಪರಿಷ್ಕರಿಸಿದಾಗಲೂ ಆ ಮಾತು ಉಳಿದುಕೊಂಡಿತು. ಎಷ್ಟಾದರೆ ತಕ್ಕಷ್ಟು? ಅಳೆಯುವ ಸೇರು ಪಾವನ್ನು ಮಾತ್ರ ಆ ಆದೇಶವು ಕೊಟ್ಟಿಲ್ಲ.

ನೌಕಾಪಡೆಯು ಆಮೇಲೆ ಹಿಡಿದ ದಾರಿ ಹೆಚ್ಚು ಸೌಮ್ಯವಾದುದು. ಹೋರಾಡಬೇಕಾದ ವಿಮಾನಗಳೇ ಜೊತೆಯವಕ್ಕೆ ಇಂಧನ ಹೊತ್ತು ಸವೆಯುತ್ತಿದ್ದುವು. ಆ ಹೊರೆಯನ್ನು ಹೊರಲು ಚಾಲಕರಹಿತ ವಿಮಾನವೇ ಆಗಲೆಂದು 2018ರ ಆಗಸ್ಟಿನಲ್ಲಿ ಬೋಯಿಂಗ್ ಸಂಸ್ಥೆಗೆ 'ಎಂಕ್ಯೂ-25' ವಿಮಾನಗಳ ಕೆಲಸವನ್ನು ವಹಿಸಲಾಯಿತು. ಕಾದಾಳುವಾಗಿ ಹುಟ್ಟಬೇಕಾಗಿದ್ದ ಕೂಸು ನೀರಡಿಗನಾಗಿ ಹುಟ್ಟಿತೆನ್ನಬಹುದು.

2021ರ ಜೂನ್ 4ರಂದು ಅದರ ಮಾದರಿಯೊಂದು ಆಕಾಶದಲ್ಲಿ ಇಂಧನದ ಕೊಳವೆಯನ್ನು ಹಿಂದಕ್ಕೆ ಇಳಿಬಿಟ್ಟಿತು. 'ಸೂಪರ್ ಹಾರ್ನೆಟ್' ಯುದ್ಧವಿಮಾನವು ಅದರ ಹಿಂದೆ ಸುಮಾರು 20 ಅಡಿಗಳಷ್ಟು ಸಮೀಪಕ್ಕೆ ಬಂದು ಇಂಧನ ಪಡೆಯಿತು. ಪಡೆದ ವಿಮಾನದಲ್ಲಿ ಚಾಲಕನಿದ್ದನು. ಕೊಟ್ಟ ವಿಮಾನದಲ್ಲಿ ಯಾರೂ ಇರಲಿಲ್ಲ.