ಬ್ರೇಕು, ಗೇಟು ಮತ್ತು ನಾನು

ಹೋದ ಭಾನುವಾರ ನಮ್ಮನೆ ಗೇಟಿಗೆ ನಾನೇ ಕಾರು ಗುದ್ದಿಸಿದೆ. ಅದೂ ಬ್ರೇಕ್ ಪ್ಯಾಡ್ ಬದಲಾಯಿಸಿ ಮುಗಿಸಿದ ಎರಡನೇ ನಿಮಿಷಕ್ಕೆ! ಆಫೀಸಿನಲ್ಲಿ ಈ ಕತೆ ಕೇಳಿದವರದ್ದೆಲ್ಲ ಒಂದೇ ಮಾತು: "ಬೇಕಿತ್ತಾ ನಿಂಗೆ ಇದು?" ಬೇಕಿತ್ತು ಅಂತಲೇ ನನ್ನ ವಾದ. ನಗೋದಾದರೆ ಈಗಲೇ ನಕ್ಕುಬಿಡಿ, ಆಮೇಲೆ ಓದಿ.

ಶುರುವಾಗಿದ್ದು ಒಂದು ಬಿಲ್ಲಿನಿಂದ. ನಮ್ಮದು ಹನ್ನೊಂದು ವರ್ಷದ ಸಣ್ಣ ಕಾರು. ಕಳೆದ ವರ್ಷ ಸರ್ವೀಸಿಗೆ ಬಿಟ್ಟಾಗ ಮುಂದಿನ ಬ್ರೇಕ್ ಪ್ಯಾಡು ಒಂದು ಸೆಟ್, ಹಿಂದಿನ ಬ್ರೇಕ್ ಪ್ಯಾಡು ಒಂದು ಸೆಟ್ ಅಂತ ಬಿಲ್ ಮಾಡಿದ್ದರು. ಮಾತಿಲ್ಲದೆ ದುಡ್ಡು ಕೊಟ್ಟು ಬಂದೆ. ಮುಂದೆ ಯಾವತ್ತೋ ಪಂಕ್ಚರ್ ಹಾಕಿಸುವಾಗ ನಮ್ಮ ಬೀದಿ ತುದಿಯ ಗ್ಯಾರೇಜಿನ ಮೇಸ್ತ್ರಿಗೆ ಇದನ್ನು ಹೇಳಿದೆ. ಅವರು ಬೀಡಿ ಪಕ್ಕಕ್ಕಿಟ್ಟು, "ಸಾರ್, ನಿಮ್ ಗಾಡಿಗೆ ಹಿಂದ್ಗಡೆ ಪ್ಯಾಡೇ ಬರಲ್ವಲ್ಲ. ಅದು ಡ್ರಮ್ಮು. ಒಳಗೆ ಇರೋದು ಶೂ" ಅಂದರು.

ಬೇಕಂತಲೇ ಹಾಕಿದರೋ, ಕಂಪ್ಯೂಟರಿನಲ್ಲಿ ತಪ್ಪು ಸಾಲು ಒತ್ತಿದರೋ, ಆ ವಿಚಾರ ಬಿಡಿ. ನನಗೆ ಚುಚ್ಚಿದ್ದು ಬೇರೆ. ಹನ್ನೊಂದು ವರ್ಷ ಆ ಪೆಡಲ್ ಒತ್ತಿದ್ದೇನೆ, ಅದರ ಇನ್ನೊಂದು ತುದಿಯಲ್ಲಿ ಏನಿದೆ ಅಂತ ಗೊತ್ತಿಲ್ಲ. ಅದೇ ಕಾರಿನಲ್ಲಿ ಅಮ್ಮನನ್ನೂ ಮಗಳನ್ನೂ ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದವನು ನಾನು. ಹದಿನಾಲ್ಕು ತಿರುವು ಮುಗಿಯೋವರೆಗೂ ಬ್ರೇಕಿನ ಮೇಲಿಂದ ಕಾಲು ತೆಗೆಯದೆ! ಸೋಮೇಶ್ವರ ಹತ್ತಿರ ಬರುವಾಗ ಏನೋ ಸುಟ್ಟ ವಾಸನೆ, ಪೆಡಲ್ ಮೆತ್ತಗೆ ಒಳಕ್ಕೆ ಹೋಗ್ತಿತ್ತು. ವಾಸನೆ ಮುಂದಿನ ಬಸ್ಸಿನದ್ದು ಅಂದುಕೊಂಡು ಕಿಟಕಿ ಏರಿಸಿದೆ. ಅಮ್ಮ ಹಿಂದಿನ ಸೀಟಲ್ಲಿ ಆರಾಮಾಗಿ ನಿದ್ದೆ ಹೊಡೀತಿದ್ದರು.

ಆಮೇಲೆ ಓದಿಕೊಂಡೆ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರುತ್ತಂತೆ. ಡಾಟ್ 3 ಅನ್ನೋ ಆಯಿಲ್ ಹೊಸದಿದ್ದಾಗ ಕುದಿಯೋಕೆ ಕನಿಷ್ಠ 205 ಡಿಗ್ರಿ ಬೇಕು. ನೀರು ಸೇರಿದ ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತೆ. ಘಾಟಿಯಲ್ಲಿ ಒಂದೇ ಸಮ ಬ್ರೇಕ್ ಒತ್ತಿದರೆ ಡಿಸ್ಕು ಕಾದು, ಶಾಖ ಆಯಿಲಿಗೆ ತಲುಪಿ, ಗುಳ್ಳೆ ಏಳಬಹುದು. ಆಯಿಲ್ ಒತ್ತಿದರೆ ಕುಗ್ಗಲ್ಲ, ಗುಳ್ಳೆ ಕುಗ್ಗುತ್ತೆ. ಹಾಗಾಗಿ ಪೆಡಲ್ ಹೋಗ್ತಾನೇ ಇರುತ್ತೆ, ಕಾರೂ ಹೋಗ್ತಾನೇ ಇರುತ್ತೆ. ಸೆಕೆಂಡ್ ಗೇರಿನಲ್ಲಿ ಇಳಿಯಬೇಕಿತ್ತು ನಾನು. ಹಳೆಯ ಡ್ರೈವರುಗಳೆಲ್ಲ ಹೇಳೋ ಮಾತೇ ಇದು, ಅದರ ಕಾರಣ ತಿಳಿದಿದ್ದು ಮಾತ್ರ ಆಗ.

"ಎಂಜಿನ್ ಆಯಿಲ್ ಬೇಕಾದ್ರೆ ಬದಲಾಯಿಸ್ಕೊ, ಬ್ರೇಕ್ ಮಾತ್ರ ಮುಟ್ಟಬೇಡ, ಜೀವದ ಪ್ರಶ್ನೆ" ಅಂತ ಗೆಳೆಯನೊಬ್ಬ ಹೇಳಿದ. ಅರ್ಧ ಸರಿ. ಆದರೆ ಸರ್ವೀಸ್ ಸ್ಟೇಷನ್ನಿನಲ್ಲಿ ನನ್ನ ಕಾರಿನ ಚಕ್ರ ಬಿಚ್ಚಿದ್ದು ಯಾರು? ಅವತ್ತು ನಾನು ಗಾಜಿನಾಚೆ ಕಾಫಿ ಕುಡೀತಾ ನೋಡಿದ್ದು ಮೀಸೆ ಚಿಗುರುತ್ತಿದ್ದ ಒಬ್ಬ ಹುಡುಗನನ್ನ. ತಪ್ಪಲ್ಲ ಬಿಡಿ, ಕಲಿಯೋನು ಯಾರದ್ದೋ ಕಾರಿನ ಮೇಲೆ ಕಲಿಯಲೇಬೇಕು. ನಾನು ನನ್ನದರ ಮೇಲೆ ಕಲಿತರೆ ಯಾಕೆ ಅಷ್ಟು ಗಾಬರಿ?

ಮೊದಲ ಸಲ ಮೇಸ್ತ್ರಿಯ ಗ್ಯಾರೇಜಿನಲ್ಲೇ ಪಕ್ಕ ನಿಂತು ನೋಡಿದೆ. ಎರಡನೇ ಸಲ ನಾನು ಬಿಚ್ಚಿದೆ, ಅವರು ನೋಡಿದರು. ಮೂರನೆಯದು ಈ ಭಾನುವಾರದ ಒಂಟಿ ಸಾಹಸ. ಪ್ಯಾಡು ಜೆ.ಸಿ.ರೋಡಿನಿಂದ ತಂದಿದ್ದೆ. ಸಮತಟ್ಟಾದ ನೆಲ, ಹ್ಯಾಂಡ್ ಬ್ರೇಕು, ಹಿಂದಿನ ಚಕ್ರಕ್ಕೆ ಕಲ್ಲು. ಚಕ್ರ ನೆಲದ ಮೇಲಿರುವಾಗಲೇ ನಟ್ಟು ಸ್ವಲ್ಪ ಸಡಿಲ ಮಾಡ್ಕೊಂಡು, ಆಮೇಲೆ ಜಾಕಿ. ಜಾಕಿ ಎತ್ತೋಕೆ ಮಾತ್ರ, ಕಾರು ಕೂರೋಕೆ ಬೇರೆ ಸ್ಟ್ಯಾಂಡು ಇಡಲೇಬೇಕು. ಇದನ್ನು ಬಿಟ್ಟು ಕಾರಿನಡಿ ತಲೆ ಹಾಕೋರನ್ನು ಕಂಡರೆ ನನಗೀಗ ಸಿಟ್ಟೇ ಬರುತ್ತೆ.

ಚಕ್ರ ತೆಗೆದ ಮೇಲೆ ಅಲ್ಲಿರೋದು ನೋಡಿದರೆ ಇಷ್ಟೇನಾ ಅನ್ನಿಸುತ್ತೆ. ಕ್ಯಾಲಿಪರಿನ ಕೆಳಗಿನ ಬೋಲ್ಟು ಬಿಚ್ಚಿ ಬಾಗಿಲಿನ ಥರ ಮೇಲಕ್ಕೆತ್ತಿದರೆ ಎರಡು ಪ್ಯಾಡು ಕೈಗೆ ಬರುತ್ತವೆ. ನನ್ನ ಎಡಗಡೆಯ ಚಕ್ರದಲ್ಲಿ ಹೊರಗಿನ ಪ್ಯಾಡು ಇನ್ನೂ ದಪ್ಪ ಇತ್ತು, ಒಳಗಿನದ್ದು ಎರಡು ಮಿಲಿಮೀಟರೂ ಉಳಿದಿರಲಿಲ್ಲ. ಕ್ಯಾಲಿಪರ್ ಜಾರಬೇಕಾದ ಪಿನ್ನು ತುಕ್ಕು ಹಿಡಿದು ಕೂತಿತ್ತು, ಒತ್ತಡವೆಲ್ಲ ಒಂದೇ ಕಡೆ ಬೀಳ್ತಿತ್ತು. ಚಕ್ರದ ಕಿಂಡಿಯಿಂದ ಇಣುಕಿದರೆ ಕಾಣೋದು ಹೊರಗಿನ ಪ್ಯಾಡು ಮಾತ್ರ. ಸರ್ವೀಸ್ ಕಾರ್ಡಿನಲ್ಲಿ 'ಬ್ರೇಕ್ ಸರಿಯಿದೆ' ಅಂತ ಟಿಕ್ ಬಿದ್ದಿತ್ತು. ಪಿನ್ನು ಒರೆಸಿ ಬ್ರೇಕಿಗಂತಲೇ ಬರೋ ಗ್ರೀಸ್ ಹಚ್ಚಿದೆ (ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರು ಊದಿಕೊಳ್ಳುತ್ತೆ, ಪ್ಯಾಡಿಗೆ ತಾಗಿದರಂತೂ ಕತೆ ಮುಗೀತು). ಹೊಸ ಪ್ಯಾಡು ದಪ್ಪ ಇರೋದರಿಂದ ಪಿಸ್ಟನ್ನನ್ನು ಕ್ಲಾಂಪಿನಲ್ಲಿ ನಿಧಾನ ಒಳಕ್ಕೆ ತಳ್ಳಿ, ಎಲ್ಲ ಜೋಡಿಸಿ, ಬಲಗಡೆಯದ್ದನ್ನೂ ಹಾಗೇ ಮುಗಿಸಿ, ಚಕ್ರ ಹಾಕಿ, ಕೈ ತೊಳೆದು, ಹೆಂಡತಿಗೆ "ನೋಡು ಬಾ" ಅಂತ ಕರೆದು ರಿವರ್ಸ್ ತೆಗೆದೆ.

ಪೆಡಲ್ ಒತ್ತಿದರೆ ನೆಲಕ್ಕೇ ಹೋಯ್ತು.

ಪಿಸ್ಟನ್ ಒಳಗೆ ತಳ್ಳಿದ ಮೇಲೆ ಪ್ಯಾಡಿಗೂ ಅದಕ್ಕೂ ನಡುವೆ ಸಂದು ಇರುತ್ತೆ. ಕಾರು ಕದಲಿಸೋ ಮೊದಲು ಪೆಡಲ್ ಗಟ್ಟಿಯಾಗೋವರೆಗೆ ಐದಾರು ಸಲ ಒತ್ತಬೇಕು. ಮೇಸ್ತ್ರಿ ಎರಡು ಸಲ ಹೇಳಿದ್ದರು! ಹ್ಯಾಂಡ್ ಬ್ರೇಕಿಗೆ ಆಯಿಲಿನ ಹಂಗಿಲ್ಲ, ಕೇಬಲ್ಲಿನಲ್ಲಿ ಹಿಂದಿನ ಶೂ ಎಳೆಯುತ್ತೆ. ಅದನ್ನು ಎಳೆದಿದ್ದಕ್ಕೆ ಗೇಟು ಡೊಂಕಾಗೋದರಲ್ಲಿ ಮುಗೀತು. ಹತ್ತು ನಿಮಿಷ ಮುಂಚೆ ಮಗಳು ಆ ಗೇಟಿನ ಹತ್ತಿರವೇ ಸೈಕಲ್ ಹೊಡೀತಿದ್ದಳು. ಹೆಂಡತಿ ಏನೂ ಅನ್ನಲಿಲ್ಲ, ಮಗಳ ಕೈ ಹಿಡಿದು ಒಳಗೆ ಕರಕೊಂಡು ಹೋದಳು. ಬೈದಿದ್ದರೇ ಚೆನ್ನಾಗಿತ್ತು.

ಅವತ್ತು ರಾತ್ರಿ ಗೆಳೆಯನ ಮಾತೇ ಸರಿ ಅನ್ನಿಸಿದ್ದು ನಿಜ. ಬೆಳಿಗ್ಗೆ ಅನ್ನಿಸಲಿಲ್ಲ. ಅಂಟಿಕೊಂಡ ಪಿನ್ನು, ಸವೆದ ಪ್ಯಾಡು ಗೊತ್ತಾಗದೆ ಉಳಿದಿದ್ದರೆ ಗುದ್ದೋಕೆ ಗೇಟೇ ಸಿಗ್ತಿತ್ತು ಅಂತ ಏನು ಗ್ಯಾರಂಟಿ? ದುಡ್ಡು ಉಳಿಯುತ್ತೆ ಅಂತ ಮಾತ್ರ ಯಾರೂ ಇದಕ್ಕೆ ಇಳಿಯಬೇಡಿ. ಸ್ಟ್ಯಾಂಡು, ಕ್ಲಾಂಪು, ನಟ್ಟಿನ ಬಿಗಿ ಅಳೆಯೋ ಟಾರ್ಕ್ ರೆಂಚು ಅಂತ ಕೊಂಡಿದ್ದರಲ್ಲಿ ಮೇಸ್ತ್ರಿಯ ಎರಡು ಸಲದ ಕೂಲಿ ಬರ್ತಿತ್ತು, ಗೇಟಿನ ವೆಲ್ಡಿಂಗ್ ಬೇರೆ.

ನನ್ನ ಗೆರೆ ಎಲ್ಲಿ ಅಂತ ಈಗ ಗೊತ್ತಾಗಿದೆ. ಚಕ್ರ ಬಿಚ್ಚಿ ನೋಡೋದು, ಮುಂದಿನ ಪ್ಯಾಡು, ಪಿನ್ನು, ಇಷ್ಟು ನನ್ನದು. ಆಯಿಲ್ ಪೈಪು ಬಿಚ್ಚೋದು, ಗಾಳಿ ತೆಗೆಯೋದು, ಹಿಂದಿನ ಡ್ರಮ್ಮು ಮೇಸ್ತ್ರಿಯದ್ದು. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕಿರೋ ಹೊಸ ಕಾರಿನ ಹಿಂದಿನ ಚಕ್ರಕ್ಕೆ ನಾನು ಕೈ ಹಾಕೋದೇ ಇಲ್ಲ. ಒಂದು ಚೀಟಿ ಬರೆದು ಸ್ಟೀರಿಂಗಿಗೆ ಅಂಟಿಸೋ ಅಭ್ಯಾಸ ಮಾಡ್ಕೊಂಡಿದ್ದೇನೆ: 'ಮೊದಲು ಪೆಡಲ್ ಒತ್ತು'. ಕೆಲಸ ಶುರು ಮಾಡೋ ಮುಂಚೆಯೇ ಅಂಟಿಸೋದು, ಒತ್ತಿದ ಮೇಲೇ ಕೀಳೋದು.

ಮುಂದಿನ ತಿಂಗಳು ಮತ್ತೆ ಆಗುಂಬೆ ಕಡೆ ಹೋಗೋದಿದೆ. ಅಷ್ಟರೊಳಗೆ ಬ್ರೇಕ್ ಆಯಿಲ್ ಬದಲಾಯಿಸಬೇಕು. ಮೇಸ್ತ್ರಿ ಚಕ್ರದ ಹತ್ತಿರ ಕೂರ್ತಾರೆ, ನಾನು ಒಳಗೆ ಕೂತು ಅವರು "ಒತ್ತಿ" ಅಂದಾಗ ಒತ್ತೋದು, "ಬಿಡಿ" ಅಂದಾಗ ಬಿಡೋದು. ನಿಮ್ಮಲ್ಲಿ ಯಾರಾದರೂ ಹಿಂದಿನ ಡ್ರಮ್ಮು ನೀವೇ ಬಿಚ್ಚಿದ್ದಿದ್ದರೆ ಹೇಳ್ರಪ್ಪ, ಆ ಸ್ಪ್ರಿಂಗುಗಳನ್ನು ವಾಪಸ್ ಹೇಗೆ ಕೂರಿಸಿದ್ರಿ?