ಕಪ್ಪು ಕೋಟಿನ ಸಾಲ

ಸರ್ಕಾರಿ ಎಂಜಿನಿಯರಾಗಿ ಅಂದಾಜುಪಟ್ಟಿ ಬರೆಯುತ್ತಲೇ ನಿವೃತ್ತನಾದವನು ನಾನು. ಕಾನೂನು ಓದುವ ಮಕ್ಕಳ ಖರ್ಚಿಗೂ ಅಂಥದೇ ಒಂದು ಲೆಕ್ಕ ಹಾಕಿ ಶರಣ ಬಂಧುಗಳ ಮುಂದಿಡುತ್ತೇನೆ.

ರೈತನ ಮಗಳೊಬ್ಬಳು ಪಿಯುಸಿ ಮುಗಿಸಿ ಐದು ವರ್ಷದ ಕಾನೂನು ಪದವಿಗೆ ಸೇರಲು ಹೊರಟಳೆನ್ನಿ. ಶುಲ್ಕ, ಹಾಸ್ಟೆಲ್, ಪುಸ್ತಕಗಳಿಗಾಗಿ ಬ್ಯಾಂಕಿನಲ್ಲಿ 10 ಲಕ್ಷ ಸಾಲ. ಬಡ್ಡಿ ಶೇ 10, ಅವಧಿ ಹತ್ತು ವರ್ಷವಾದರೆ ತಿಂಗಳ ಕಂತು ಸುಮಾರು 13,200 ರೂಪಾಯಿ. ತೀರಿಸುವ ಒಟ್ಟು ಮೊತ್ತ 16 ಲಕ್ಷದ ಹತ್ತಿರ. ಓದುವಾಗ ಬೆಳೆಯುವ ಬಡ್ಡಿ ಬೇರೆ.

ಇನ್ನು ಆದಾಯ. ಕಿರಿಯ ವಕೀಲರಿಗೆ ನಗರದಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಮಾಸಿಕ ಭತ್ಯೆ ಕೊಡಿರೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಹಿರಿಯ ವಕೀಲರಿಗೆ ಹೇಳಿತು. ಅದು ಸಲಹೆಯಷ್ಟೇ, ಕಡ್ಡಾಯವಲ್ಲ. ಕೊಟ್ಟರೂ, ತಾಲ್ಲೂಕು ಕೋರ್ಟಿನ ಹುಡುಗಿಗೆ ಕಂತು ಕಟ್ಟಿ ಉಳಿಯುವುದು 1,800 ರೂಪಾಯಿ!

ಅದೇ ವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟು ವಕೀಲರ ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟರಿಗೆ 125 ರೂಪಾಯಿ ಮೀರಬಾರದೆಂದು ತೀರ್ಪಿತ್ತಿತು. ಒಳ್ಳೆಯದೇ. ಆದರೆ ಆ ಬಾಗಿಲಿನವರೆಗೆ ಬರುವ ದಾರಿಯ ಸುಂಕ ಇಳಿಯಲಿಲ್ಲ.

ಪರಿಣಾಮ ಏನು? ಸಾಲ ಹೊತ್ತವರು ದೊಡ್ಡ ಕಂಪನಿಗಳ ಕೆಲಸ ಹುಡುಕಿ ಹೋಗುತ್ತಾರೆ. ಜಮೀನಿನ ತಕರಾರಿನ ಬಡ ರೈತ, ಜೀವನಾಂಶ ಕೇಳುವ ಹೆಣ್ಣುಮಗಳು ಒಳ್ಳೆಯ ವಕೀಲರಿಲ್ಲದೆ ಉಳಿಯುತ್ತಾರೆ. ವಕೀಲಿ ಕಾಯಕವಾಗಬೇಕಾದರೆ ವಕೀಲರ ಕೊರಳಿಗೆ ಸಾಲದ ಉರುಳು ಇರಬಾರದು.

ಶಿರಸಂಗಿ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನೇ ಮಕ್ಕಳ ವಿದ್ಯೆಗೆ ಬರೆದಿಟ್ಟರು. ಅವರ ಹೆಸರು ಹೇಳಿಕೊಳ್ಳುವ ಸಮಾಜದಲ್ಲೇ ಇಂದು ಕೆಲವು ಸಂಸ್ಥೆಗಳು ಸೀಟಿಗೆ ಬೆಲೆ ಕಟ್ಟುತ್ತಿವೆ. ಇದನ್ನು ನಾವೇ ಕೇಳದಿದ್ದರೆ ಇನ್ನಾರು ಕೇಳಬೇಕು?

ನನ್ನ ಸೂಚನೆ ಮೂರು. ನಮ್ಮ ಕಾನೂನು ಕಾಲೇಜುಗಳು ಐದೂ ವರ್ಷದ ಪೂರ್ಣ ಖರ್ಚನ್ನು ಪ್ರವೇಶಕ್ಕೆ ಮೊದಲೇ ಫಲಕದಲ್ಲಿ ಬರೆದು ಹಾಕಲಿ. ಜಿಲ್ಲಾ ಕೇಂದ್ರಗಳಲ್ಲಿ ಮಠಗಳ ಪ್ರಸಾದ ನಿಲಯಗಳು ಪದವಿಯ ನಂತರವೂ ಎರಡು ವರ್ಷ ಕಿರಿಯ ವಕೀಲರಿಗೆ, ಜಾತಿ ಕೇಳದೆ, ಊಟ ವಸತಿ ಕೊಡಲಿ. ಜಾತ್ರೆ, ಕಟ್ಟಡಗಳಿಗೆ ಹರಿಯುವ ಕಾಣಿಕೆಯಲ್ಲಿ ಒಂದು ಪಾಲು ಬಡ್ಡಿಯಿಲ್ಲದ ಸಾಲನಿಧಿಗೆ ಹೋಗಲಿ. ಇಂದು ಪಡೆದವರು ಗಳಿಸತೊಡಗಿದ ಮೇಲೆ ನಾಳೆಯವರಿಗಾಗಿ ತುಂಬಲಿ. ದಾಸೋಹವೆಂದರೆ ಅನ್ನವೊಂದೇ ಅಲ್ಲ.